ಕಾಣೆಯಾದ ಒಂಬತ್ತೂವರೆ ಜಿಬಿ ಮತ್ತು ಮನೆಯ ಕಂಪ್ಯೂಟರಿನ ಅಟ್ಟ

ಗೌರಿ ಗಣೇಶ ಹಬ್ಬದ ಮರುದಿನ ಮನೆಯಲ್ಲಿ ಕಡುಬೂ ಉಳಿದಿತ್ತು, ನನಗೆ ರಜೆಯೂ ಉಳಿದಿತ್ತು. 2025ರ ಆಗಸ್ಟ್ 9ರಂದು ಲಿನಕ್ಸ್ ವಂಶದ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ 13 ಬಿಡುಗಡೆಯಾಗಿತ್ತು. ಮನೆಯ ಕಂಪ್ಯೂಟರಿನಲ್ಲಿ ಇನ್ನೂ 12 ಇತ್ತು. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ಕುಳಿತೆ. ಎದ್ದದ್ದು ಮೂರು ವಾರಗಳ ಮೇಲೆ.

ಅಪ್‌ಗ್ರೇಡ್ ಕಮಾಂಡಿಗೆ ಬಂದ ಉತ್ತರ ಒಂದೇ ಸಾಲು: /ವಾರ್/ಕ್ಯಾಶ್/ಎಪಿಟಿ/ಆರ್ಕೈವ್ಸ್‌ನಲ್ಲಿ ಸಾಕಷ್ಟು ಜಾಗವಿಲ್ಲ. (ಡೈರೆಕ್ಟರಿ ಎಂದರೆ ಫೋಲ್ಡರ್; ಅವುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳೇ.)

ಯಂತ್ರದ ಜಾತಕ ಇಷ್ಟು. 2014ರಲ್ಲಿ ಜೋಡಿಸಿದ ಪೆಟ್ಟಿಗೆ, 8 ಜಿಬಿ ರ್‍ಯಾಮ್, ಆಮೇಲೆ ಹಾಕಿಸಿದ 240 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿಯಲ್ಲಿ ಡೆಬಿಯನ್‌ಗೆಂದು ಅಂದು ನಾನು ಕೊಟ್ಟಿದ್ದು ಬರೀ 28 ಜಿಬಿ. ಉಳಿದದ್ದರಲ್ಲಿ ಬಹುಪಾಲು ವಿಂಡೋಸ್‌ಗೆ. ವಿಂಡೋಸ್ ತೆರೆಯದೆ ನಾಲ್ಕು ವರ್ಷವಾಗಿದ್ದರೂ ಅದರ ಜಾಗ ಅದಕ್ಕೇ ಇತ್ತು. ಬಳಸುವವರು ನಾಲ್ಕು ಜನ: ನಾನು, ಹೆಂಡತಿ, ಅಪ್ಪ, ಮಗಳು. ಹತ್ತು ವರ್ಷಗಳಲ್ಲಿ ಎಲ್ಲಕ್ಕೂ ಮೇಲಿನ ಮೂಲ ಡೈರೆಕ್ಟರಿಯಲ್ಲಿ ಹುಟ್ಟಿಕೊಂಡಿದ್ದ ನನ್ನ ಸೃಷ್ಟಿಗಳ ಹೆಸರು ಹೇಳಿದರೆ ಸಾಕು, ಪರಿಸ್ಥಿತಿ ಗೊತ್ತಾಗುತ್ತದೆ: /ಡೇಟಾ, /ಡೇಟಾ2, /ಹೊಸದು, /ಹೊಸದು1, /ಆಮೇಲೆನೋಡು.

ಲೆಕ್ಕ ತಾಳೆಯಾಗದ ಸಂಜೆ

ಮೊದಲು ಡಿಸ್ಕಿನಲ್ಲಿ ಒಟ್ಟು ಎಷ್ಟು ಜಾಗ ಬಳಕೆಯಾಗಿದೆ ಎಂದು ಹೇಳುವ ಡಿಎಫ್ ಕಮಾಂಡ್. ಡೆಬಿಯನ್‌ಗೆ ಕೊಟ್ಟ ಡಿಸ್ಕಿನ ಭಾಗದ, ಅಂದರೆ ರೂಟ್ ಪಾರ್ಟಿಷನ್ನಿನ, ಗಾತ್ರ 27.4 ಜಿಬಿ, ಬಳಕೆ 26, ಉಳಿಕೆ ಸೊನ್ನೆ. ನಡುವಿನ 1.4 ಜಿಬಿ ಎಲ್ಲೂ ಹೋಗಿಲ್ಲ. ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ತಾನಾಗಿಯೇ 5 ಪ್ರತಿಶತ ಜಾಗವನ್ನು ಸಕಲಾಧಿಕಾರವಿರುವ ರೂಟ್ ಬಳಕೆದಾರನಿಗೆಂದು ಎತ್ತಿಡುತ್ತದೆ. ಡಿಸ್ಕ್ ತುಂಬಿ ನಮ್ಮೆಲ್ಲರಿಗೂ ಬಾಗಿಲು ಮುಚ್ಚಿದಾಗಲೂ ರೂಟ್ ಒಳಗೆ ಬಂದು ಗುಡಿಸುವುದಕ್ಕೆ ಸಾಧ್ಯವಾಗುವುದು ಇದರಿಂದಲೇ.

ಆಮೇಲೆ ಡೈರೆಕ್ಟರಿಗಳ ಒಳಗಿನ ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ಡಿಯು, ಬೇರೆ ಪಾರ್ಟಿಷನ್‌ಗಳಿಗೆ ದಾಟಬೇಡ ಎನ್ನುವ ಎಕ್ಸ್ ಆಯ್ಕೆಯೊಂದಿಗೆ. /ಯುಎಸ್‌ಆರ್ 7.2, /ವಾರ್ 5.1, /ಹೋಮ್ 2.9, /ರೂಟ್ 0.9, ಚಿಲ್ಲರೆ 0.3. ಕೂಡಿದರೆ 16.4. ಡಿಎಫ್ ಹೇಳಿದ್ದು 26. ಒಂದು ಪುಸ್ತಕದಲ್ಲಿ 26, ಇನ್ನೊಂದರಲ್ಲಿ 16.4; ನಡುವೆ 9.6 ಜಿಬಿ ಕಾಣೆ.

ಇಂತಹ ವ್ಯತ್ಯಾಸಕ್ಕೆ ಸಾಮಾನ್ಯ ಕಾರಣವೆಂದರೆ ಅಳಿಸಿದ್ದರೂ ಯಾವುದೋ ತಂತ್ರಾಂಶ ಇನ್ನೂ ಹಿಡಿದುಕೊಂಡಿರುವ ಫೈಲ್. ಹೆಸರು ಹೋಗಿರುತ್ತದೆ, ಜಾಗ ಬಿಟ್ಟಿರುವುದಿಲ್ಲ. ತೆರೆದಿರುವ ಫೈಲ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಒಎಫ್‌ನಿಂದ ಹುಡುಕಿದೆ, ಇರಲಿಲ್ಲ. ಯಂತ್ರವನ್ನು ಆರಿಸಿ ಹಚ್ಚಿದೆ, ಸಂಖ್ಯೆ ಕದಲಲಿಲ್ಲ. ಫೈಲ್ ಸಿಸ್ಟಮ್ ಕೆಟ್ಟಿರಬಹುದೆಂದು ಪರೀಕ್ಷೆಗೆ ಹಾಕಿದೆ, ಅದು ಗಟ್ಟಿಯಾಗಿತ್ತು. ರಾತ್ರಿ ಊಟದ ಹೊತ್ತಿಗೆ ನಾನು ಮಾತನಾಡುತ್ತಿರಲಿಲ್ಲ.

ಹೊಳೆದದ್ದು ಕೈ ತೊಳೆಯುವಾಗ. ಒಂದು ಡೈರೆಕ್ಟರಿಯ ಮೇಲೆ ಇನ್ನೊಂದು ಡಿಸ್ಕನ್ನು ಮೌಂಟ್ ಮಾಡಿದಾಗ, ಅಂದರೆ ಸಿಕ್ಕಿಸಿದಾಗ, ಆ ಡೈರೆಕ್ಟರಿಯಲ್ಲಿ ಮೊದಲೇ ಏನಾದರೂ ಇದ್ದರೆ ಅದು ಅಳಿಯುವುದಿಲ್ಲ, ಕೆಳಗೆ ಮುಚ್ಚಿಹೋಗುತ್ತದೆ. ನೆಲದ ಮೇಲೆ ಬಿದ್ದ ಕಾಗದದ ಮೇಲೆ ಚಾಪೆ ಹಾಸಿದ ಹಾಗೆ. ಡಿಯು ನೋಡುವುದು ಚಾಪೆಯನ್ನು. ಡಿಎಫ್ ಎಣಿಸುವುದು ನೆಲವನ್ನು. ಚಾಪೆ ಎತ್ತದೆಯೇ ನೆಲ ನೋಡುವ ಉಪಾಯವೂ ಇದೆ: ರೂಟ್ ಪಾರ್ಟಿಷನ್ನನ್ನೇ ಇನ್ನೊಂದು ಕಡೆ ಬೈಂಡ್ ಮೌಂಟ್ ಮಾಡುವುದು. /ಎಂಎನ್‌ಟಿ/ಇಣುಕು ಎಂಬ ಖಾಲಿ ಡೈರೆಕ್ಟರಿ ಮಾಡಿ, ಮೂಲ ಡೈರೆಕ್ಟರಿಯನ್ನು ಅದರ ಮೇಲೆ ಬೈಂಡ್ ಮಾಡಿದೆ. ಹೀಗೆ ಮಾಡಿದಾಗ ಅದರೊಳಗೆ ಬೇರೆ ಡಿಸ್ಕ್‌ಗಳು ಹಿಂಬಾಲಿಸಿ ಬರುವುದಿಲ್ಲ. ಕಾಣುವುದು ಬರಿಯ ನೆಲ.

/ಎಂಎನ್‌ಟಿ/ಇಣುಕು/ಎಂಎನ್‌ಟಿ/ಬ್ಯಾಕಪ್ ಒಳಗೆ ಮೂರು ಫೈಲ್‌ಗಳು ಮಲಗಿದ್ದವು. ಒಂದೊಂದೂ 3.2 ಜಿಬಿ. ದಿನಾಂಕ: 2023ರ ಅಕ್ಟೋಬರ್ 24, 25, 26.

ದಿನಾಂಕ ನೋಡಿದ ಕೂಡಲೇ ಎಲ್ಲ ನೆನಪಾಯಿತು. ಹಿಂದಿನ ದಿನ, 23, ಆಯುಧಪೂಜೆ. ಆ ದಿನ ಬೆಳಿಗ್ಗೆ ಕ್ಯಾಬಿನೆಟ್ ಬಿಚ್ಚಿ ಧೂಳು ಊದಿ, ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿದ್ದೆ. ಮುಚ್ಚುವಾಗ ಹಾರ್ಡ್ ಡಿಸ್ಕಿನ ಕೇಬಲ್ ಸಡಿಲವಾಗಿ ಕುಳಿತಿತ್ತು. ಡಿಸ್ಕ್ ಸಿಗದಿದ್ದರೂ ಯಂತ್ರ ಸುಮ್ಮನೆ ಹತ್ತಿಕೊಳ್ಳಲಿ ಎಂದು, ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಬರೆದಿಡುವ ಎಫ್‌ಸ್ಟ್ಯಾಬ್‌ನಲ್ಲಿ ನೋಫೇಲ್ ಎಂದು ನಾನೇ ಬರೆದಿಟ್ಟಿದ್ದೆ. ಹತ್ತಿಕೊಂಡಿತು. ರಾತ್ರಿ ಎರಡು ಗಂಟೆಗೆ ನನ್ನ ಬ್ಯಾಕಪ್ ಸ್ಕ್ರಿಪ್ಟ್ ಎದ್ದು, ಡಿಸ್ಕ್ ಇದೆಯೋ ಇಲ್ಲವೋ ವಿಚಾರಿಸದೆ, ಆ ಹೆಸರಿನ ಬರೀ ಡೈರೆಕ್ಟರಿಗೆ ಪ್ರತಿ ಸುರಿಯಿತು. ಮೂರು ರಾತ್ರಿ ಸುರಿಯಿತು. ನಾಲ್ಕನೆಯ ದಿನ ಅಪ್ಪ ಹಾಡುಗಳು ಕಾಣುತ್ತಿಲ್ಲ ಎಂದರು, ನಾನು ಕೇಬಲ್ ಒತ್ತಿದೆ, ಚಾಪೆ ಮತ್ತೆ ಹಾಸಿಕೊಂಡಿತು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಎರಡು ತಿದ್ದುಪಡಿ ಅಂದೇ ಮಾಡಿದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಮೌಂಟ್‌ಪಾಯಿಂಟ್ ಎಂಬ ಪುಟ್ಟ ಕಮಾಂಡಿನಿಂದ ಅಲ್ಲಿ ನಿಜಕ್ಕೂ ಡಿಸ್ಕ್ ಕುಳಿತಿದೆಯೇ ಎಂದು ಕೇಳಿ, ಇಲ್ಲವಾದರೆ ಅಲ್ಲಿಗೇ ನಿಲ್ಲುವ ಹಾಗೆ ಮಾಡಿದೆ. ಇನ್ನೊಂದು, ಡಿಸ್ಕ್ ಕಳಚಿ, ಖಾಲಿ ಡೈರೆಕ್ಟರಿಗೆ ಸಿಎಚ್‌ಅಟ್ರ್ ಕಮಾಂಡಿನಿಂದ ಬದಲಾಗದ ಗುರುತು ಹಾಕಿದೆ. ಈಗ ಡಿಸ್ಕ್ ಇಲ್ಲದಾಗ ರೂಟ್ ಬಳಕೆದಾರನೂ ಅಲ್ಲಿ ಏನನ್ನೂ ಇಡಲಾರ. ಡಿಸ್ಕ್ ಕುಳಿತಾಗ ಗುರುತು ಕೆಳಗೆ ಉಳಿಯುವುದರಿಂದ ಯಾವ ಅಡ್ಡಿಯೂ ಇಲ್ಲ. ಮೌಂಟ್ ಮಾಡುವ ಪ್ರತಿಯೊಬ್ಬರೂ ಇದನ್ನು ಮಾಡಬೇಕು. ನಾನು ಹತ್ತು ವರ್ಷ ಮಾಡಿರಲಿಲ್ಲ.

/ವಾರ್ ವಿಷಯ ಸುಲಭ. ತಂತ್ರಾಂಶದ ಪ್ಯಾಕೇಜ್‌ಗಳನ್ನು ಇಳಿಸಿ ಹಾಕಲು ನಾನು ಹಳೆಯ ಅಭ್ಯಾಸದಂತೆ ಎಪಿಟಿ-ಗೆಟ್ ಬಳಸುವವನು. ಅದು ಇಳಿಸಿಕೊಂಡ ಪ್ಯಾಕೇಜ್‌ಗಳನ್ನು ಅನುಸ್ಥಾಪನೆಯ ನಂತರವೂ ಇಟ್ಟುಕೊಳ್ಳುತ್ತದೆ. 2.2 ಜಿಬಿ ಅದೇ ಇತ್ತು, ಒಂದು ಕ್ಲೀನ್ ಕಮಾಂಡಿಗೆ ಹೋಯಿತು. ವ್ಯವಸ್ಥೆಯ ದಿನಚರಿ ಬರೆಯುವ ಜರ್ನಲ್ 1.9 ಜಿಬಿ. ಅದು ಸಾಮಾನ್ಯವಾಗಿ ಪಾರ್ಟಿಷನ್ನಿನ ಹತ್ತನೇ ಒಂದು ಭಾಗದವರೆಗೆ, ಗರಿಷ್ಠ 4 ಜಿಬಿ, ಬೆಳೆಯುತ್ತದೆ. 200 ಎಂಬಿಗೆ ಮಿತಿ ಹಾಕಿದೆ. ಮನೆಯ ಕಂಪ್ಯೂಟರಿಗೆ ಅಷ್ಟು ಆತ್ಮಚರಿತ್ರೆ ಸಾಕು.

ಅಂಗಡಿಯಲ್ಲಿ ಸಿಗುವುದು, ಸಿಗದಿರುವುದು

ಇಷ್ಟಕ್ಕೆ ಅಪ್‌ಗ್ರೇಡ್ ಮಾಡಬಹುದಿತ್ತು. ಆದರೆ ಒಮ್ಮೆ ನೆಲ ನೋಡಿದ ಮೇಲೆ ಮನಸ್ಸು ನಿಲ್ಲಲಿಲ್ಲ. ಪ್ರತಿ ಯುಗಾದಿಗೆ ಮೊದಲು ನಮ್ಮ ಮನೆಯ ಅಟ್ಟ ಗುಡಿಸುವಾಗ ಹೆಂಡತಿ ಪ್ರತಿ ಸಾಮಾನನ್ನೂ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳುತ್ತಾಳೆ: "ಇದು ಹೋದರೆ ಮತ್ತೆ ಅಂಗಡಿಯಲ್ಲಿ ಸಿಗುತ್ತದೆಯೇ, ಹೇಳಿ." ಸಿಗುವುದಾದರೆ ಗುಜರಿಗೆ. ಸಿಗದಿದ್ದರೆ ಒರೆಸಿ ಇಡುವುದು. ಈ ಸಲ ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ತಂದೆ. ಯಾವ ಫೈಲ್ ಎಲ್ಲಿರಬೇಕು ಎನ್ನುವುದನ್ನು ಅದು ಚಿತ್ರವೋ ಪತ್ರವೋ ತಂತ್ರಾಂಶವೋ ಎಂಬುದರಿಂದ ತೀರ್ಮಾನಿಸುತ್ತಾ ಬಂದಿದ್ದೇ ನನ್ನ ತಪ್ಪು. ಕೇಳಬೇಕಾದದ್ದು, ಇದು ಹೋದರೆ ಯಾರು ತಂದುಕೊಡುತ್ತಾರೆ?

ಯುನಿಕ್ಸ್ ವಂಶದ ಡೈರೆಕ್ಟರಿಗಳನ್ನು ಈ ಕಣ್ಣಿನಿಂದ ನೋಡಿದರೆ ಗೊಂದಲ ಬಹುಪಾಲು ಕರಗುತ್ತದೆ. /ಯುಎಸ್‌ಆರ್‌ನಲ್ಲಿರುವುದು ಡೆಬಿಯನ್ನಿನದು, ಹೋದರೆ ಅದೇ ತಂದುಕೊಡುತ್ತದೆ. /ಯುಎಸ್‌ಆರ್/ಲೋಕಲ್ ನನ್ನದು, ಡೆಬಿಯನ್ನಿನ ಪ್ಯಾಕೇಜ್‌ಗಳು ಅಲ್ಲಿ ಫೈಲ್ ಇಡುವಂತಿಲ್ಲ, ಹಾಗಾಗಿ ಅಲ್ಲಿಂದ ಹೋದದ್ದನ್ನು ಯಾರೂ ತರಲಾರರು. /ಆಪ್ಟ್ ಹೊರಗಿನವರು ಗಂಟು ಕಟ್ಟಿ ಕೊಟ್ಟ ತಂತ್ರಾಂಶಕ್ಕೆ. /ಎಟ್ಸಿ ಈ ಯಂತ್ರದ ಹೊಂದಾಣಿಕೆಗಳಿಗೆ. /ವಾರ್ ದಿನವೂ ಬದಲಾಗುವುದಕ್ಕೆ. /ಎಸ್‌ಆರ್‌ವಿ ಈ ಯಂತ್ರ ಇತರರಿಗೆ ಹಂಚುವ ಸಾಮಗ್ರಿಗೆ. /ಎಂಎನ್‌ಟಿ ತಾತ್ಕಾಲಿಕವಾಗಿ ಏನನ್ನಾದರೂ ಸಿಕ್ಕಿಸುವುದಕ್ಕೆ. ನಾನು ಅಲ್ಲಿ ಹತ್ತು ವರ್ಷ ಸಂಸಾರ ಮಾಡಿದ್ದೆ.

ಇದು ಯಾರೋ ಸುಮ್ಮನೆ ಹೇಳಿದ್ದಲ್ಲ. ಲಿನಕ್ಸ್‌ಗಾಗಿ ಇಂತಹ ಮೊದಲ ಒಪ್ಪಂದ 1994ರ ಫೆಬ್ರವರಿಯಲ್ಲಿ ಹೊರಬಂತು. ಅದೇ ಮುಂದೆ ಎಫ್‌ಎಚ್‌ಎಸ್ ಎಂಬ ಮಾನದಂಡವಾಯಿತು. 2004ರ 2.3 ಆವೃತ್ತಿಯಲ್ಲಿ /ಎಸ್‌ಆರ್‌ವಿ ಸೇರಿತು, 3.0 ಆವೃತ್ತಿ 2015ರದು. ಅದು ಫೈಲ್‌ಗಳನ್ನು ವಿಂಗಡಿಸುವುದು ಎರಡು ಪ್ರಶ್ನೆಗಳಿಂದ: ಬೇರೆ ಯಂತ್ರದೊಡನೆ ಹಂಚಿಕೊಳ್ಳಬಹುದೇ, ತಾನಾಗಿ ಬದಲಾಗುತ್ತದೆಯೇ. ಅಟ್ಟದ ಪ್ರಶ್ನೆಗೆ ಇದು ದೂರದ ನೆಂಟ. ಹೆಸರುಗಳಿಗೆ ಮಾತ್ರ ತರ್ಕ ಹುಡುಕಬಾರದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಪಿಡಿಪಿ-11 ಮೇಲೆ ಯುನಿಕ್ಸ್ ಬೆಳೆಯುತ್ತಿದ್ದಾಗ ಡಿಸ್ಕ್ ಎಂದರೆ ಕೆಲವೇ ಎಂಬಿ. ಮೊದಲ ಡಿಸ್ಕ್ ತುಂಬಿತು. ವ್ಯವಸ್ಥೆಯ ಫೈಲ್‌ಗಳು ಬಳಕೆದಾರರ ಮನೆಗಳಿದ್ದ ಎರಡನೆಯ ಡಿಸ್ಕಿಗೆ ಉಕ್ಕಿದವು. ಆ ಎರಡನೆಯ ಡಿಸ್ಕಿನ ಹೆಸರೇ /ಯುಎಸ್‌ಆರ್. ಅಂದರೆ ನನ್ನ /ಹೊಸದು1ಕ್ಕೆ ಒಳ್ಳೆಯ ಪೂರ್ವಿಕರಿದ್ದಾರೆ.

ಎಲ್‌ಎಸ್ ಬರೆದವನು ನಾನೇ?

ಎರಡನೆಯ ವಾರಾಂತ್ಯ. /ಯುಎಸ್‌ಆರ್/ಬಿನ್‌ನಲ್ಲಿ ಡೆಬಿಯನ್ನಿನದು ಯಾವುದು, ಹಳೆಯ ಹುಮ್ಮಸ್ಸಿನಲ್ಲಿ ನಾನು ತುರುಕಿದ್ದು ಯಾವುದು ಎಂದು ಬೇರ್ಪಡಿಸಬೇಕಿತ್ತು. ಪ್ಯಾಕೇಜ್‌ಗಳ ದಾಖಲೆ ಇಡುವ ಡಿಪಿಕೆಜಿಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಫೈಲಿನ ಹಾದಿ ಹೇಳಿದರೆ ಅದರ ಒಡೆಯ ಪ್ಯಾಕೇಜ್ ಯಾವುದೆಂದು ಹೇಳುತ್ತದೆ. ಒಡೆಯನಿಲ್ಲದವು ನನ್ನವು. ಎರಡು ಸಾಲಿನ ಲೂಪ್ ಬರೆದು ಓಡಿಸಿ ಕಾಫಿಗೆ ಹೋದೆ.

ಬಂದು ನೋಡಿದರೆ ಮುನ್ನೂರಕ್ಕೂ ಹೆಚ್ಚು ಅನಾಥರು. ಪಟ್ಟಿಯಲ್ಲಿ ದಿನವೂ ಬಳಸುವ ಮೂಲ ಕಮಾಂಡುಗಳೇ: ಎಲ್‌ಎಸ್, ಸಿಪಿ, ಎಂವಿ, ಕ್ಯಾಟ್, ಬ್ಯಾಶ್. ಕಂಪ್ಯೂಟರಿನ ಹಲ್ಲು ಕಣ್ಣು ಕಿವಿಗಳನ್ನೆಲ್ಲ ನಾನೇ ಮಾಡಿದೆನೆಂದು ಅದು ಹೇಳುತ್ತಿತ್ತು. ಆ ಪಟ್ಟಿಯನ್ನು ನಂಬಿ ಎಲ್ಲವನ್ನೂ /ಯುಎಸ್‌ಆರ್/ಲೋಕಲ್‌ಗೆ ಸಾಗಿಸಿಬಿಟ್ಟಿದ್ದರೆ ಈ ಬರಹವನ್ನು ಮೊಬೈಲಿನಲ್ಲಿ ಬರೆಯಬೇಕಾಗುತ್ತಿತ್ತು.

ಕಾರಣ ಹೀಗೆ. ಮೊದಲು /ಬಿನ್ ಮತ್ತು /ಯುಎಸ್‌ಆರ್/ಬಿನ್ ಬೇರೆ ಬೇರೆ ಇದ್ದವು. ಈಗ /ಬಿನ್ ಎನ್ನುವುದು /ಯುಎಸ್‌ಆರ್/ಬಿನ್‌ಗೆ ಬರೀ ಸಿಮ್‌ಲಿಂಕ್, ದಾರಿ ತೋರಿಸುವ ಕೈಕಂಬ. ಡೆಬಿಯನ್ 12ರಿಂದ ಈ ವಿಲೀನ ಕಡ್ಡಾಯ. ಆದರೆ 12ರ ಪ್ಯಾಕೇಜ್‌ಗಳು ಎಲ್‌ಎಸ್ ತಮ್ಮದೆಂದು ದಾಖಲೆಯಲ್ಲಿ ಬರೆಸಿದ್ದು ಹಳೆಯ ವಿಳಾಸದಲ್ಲಿ, /ಬಿನ್/ಎಲ್‌ಎಸ್ ಎಂದು. ನಾನು ಕೇಳಿದ್ದು ಹೊಸ ವಿಳಾಸ. ಪಹಣಿಯಲ್ಲಿ ಹಳೆಯ ಸರ್ವೆ ನಂಬರ್, ಕೈಯಲ್ಲಿ ಹೊಸದು ಹಿಡಿದು ಕಚೇರಿಗೆ ಹೋದ ಹಾಗೆ. ಎರಡೂ ವಿಳಾಸಗಳಲ್ಲಿ ವಿಚಾರಿಸುವಂತೆ ಲೂಪ್ ತಿದ್ದಿದೆ. ಉಳಿದವುಗಳಲ್ಲಿ ಹೆಚ್ಚಿನವು ಒಂದೇ ಕೆಲಸದ ಹಲವು ತಂತ್ರಾಂಶಗಳಲ್ಲಿ ಒಂದನ್ನು ಆರಿಸುವ ಆಲ್ಟರ್ನೇಟಿವ್ಸ್ ವ್ಯವಸ್ಥೆ ಮಾಡಿಟ್ಟ ಸಿಮ್‌ಲಿಂಕ್‌ಗಳು. ಅವಕ್ಕೆ ಡಿಪಿಕೆಜಿಯಲ್ಲಿ ಒಡೆಯರಿರುವುದಿಲ್ಲ, ಮುಟ್ಟಲೂ ಬಾರದು. ಅವನ್ನು ತೆಗೆದರೆ ಉಳಿದದ್ದು ಹನ್ನೊಂದು. ಹನ್ನೊಂದೂ ನನ್ನ ಕೈಬರಹ.

ಅವುಗಳಲ್ಲಿ ಎಂಟನ್ನು /ಯುಎಸ್‌ಆರ್/ಲೋಕಲ್/ಬಿನ್‌ಗೆ, ರೂಟ್ ಮಾತ್ರ ಓಡಿಸುವ ಎರಡನ್ನು ಅಲ್ಲೇ ಪಕ್ಕದ ಎಸ್‌ಬಿನ್‌ಗೆ ಸಾಗಿಸಿದೆ. ಸ್ಕ್ಯಾನರಿನ ಜೊತೆ ಬಂದ ತಂತ್ರಾಂಶ /ಯುಎಸ್‌ಆರ್/ಲಿಬ್‌ನಲ್ಲೆಲ್ಲ ಚೆಲ್ಲಾಡಿತ್ತು. ಬಿಡಿಸಿ ತೆಗೆದು /ಆಪ್ಟ್/ಸ್ಕ್ಯಾನರ್‌ನಲ್ಲಿ ಒಟ್ಟುಗೂಡಿಸಿದೆ. ಅಪ್ಪ ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರಗಳು ಇನ್ನೂ ಇವೆ. ಅವು ಯುನಿಕೋಡ್ ಅಲ್ಲ, ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಟೋಪಿ ಗೀರು ಹೊತ್ತ ಪರಂಗಿ ಅಕ್ಷರಗಳ ಸಂತೆ. ಆ ಫಾಂಟ್‌ಗಳನ್ನು ಡೆಬಿಯನ್ನಿನ ಗುಬ್ಬಿ, ನವಿಲು ಫಾಂಟ್‌ಗಳ ನಡುವೆಯೇ ತುರುಕಿದ್ದೆ. ಅವೂ /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್‌ಗೆ ಬಂದವು. ಫಾಂಟ್‌ಗಳ ಪಟ್ಟಿ ಹೊಸದು ಮಾಡುವ ಎಫ್‌ಸಿ-ಕ್ಯಾಶ್ ಓಡಿಸಿ ಅಪ್ಪನನ್ನು ಕರೆದು ತೋರಿಸಿದೆ.

"ಅಕ್ಷರ ಹಾಗೇ ಇದೆಯಲ್ಲ. ಏನು ಬದಲಾಯಿಸಿದೆ?"

"ಏನೂ ಬದಲಾಗಬಾರದೆಂದೇ ಬದಲಾಯಿಸಿದ್ದು ಅಪ್ಪ."

ಅವರು ತಲೆಯಾಡಿಸಿ ಪತ್ರಿಕೆಗೆ ಮರಳಿದರು.

ಎಂಟು ಬೈಟ್ ಹೆಚ್ಚು

ನಂತರ ವಿಂಡೋಸ್ ಪಾರ್ಟಿಷನ್. ಅದನ್ನು ತೆಗೆದು, ಬಳಕೆದಾರರ ಸ್ವಂತ ಫೈಲ್‌ಗಳಿರುವ /ಹೋಮ್‌ಗೆ ಕೊಡುವುದೆಂದು ನಿಶ್ಚಯಿಸಿದ್ದೆ. ಒಳಗೆ 61 ಜಿಬಿ, ಬಹುಪಾಲು ಅಪ್ಪನದು. ನಕಲು ಮಾಡುವ ಆರ್‌ಸಿಂಕ್ ಕಮಾಂಡಿನಿಂದ ಹಾರ್ಡ್ ಡಿಸ್ಕಿಗೆ ಸಾಗಿಸಿದೆ. ಕೊನೆಯಲ್ಲಿ, ಕೆಲವು ಫೈಲ್‌ಗಳು ರವಾನೆಯಾಗಿಲ್ಲ, ಸಂಕೇತ 23. ಮೇಲಕ್ಕೆ ಸರಿಸಿ ನೋಡಿದರೆ ಕಾರಣ, ಫೈಲಿನ ಹೆಸರು ತೀರಾ ಉದ್ದವಾಯಿತು. ಒಟ್ಟು 17 ಫೈಲ್. ಅವುಗಳಲ್ಲಿ ಅತಿ ಚಿಕ್ಕ ಹೆಸರು ಇದು:

"ತಮ್ಮನ ಮಗಳ ಮದುವೆ ನಿಶ್ಚಿತಾರ್ಥದ ದಿನ ಬೆಳಿಗ್ಗೆ ಪುರೋಹಿತರ ಜೊತೆ ಮಾತನಾಡಿದ್ದು ಮತ್ತು ಛತ್ರದ ಮುಂಗಡ ಹಣದ ರಸೀದಿ"

ಅಪ್ಪ ಫೈಲಿಗೆ ಹೆಸರಿಡುವುದಿಲ್ಲ, ವರದಿ ಬರೆಯುತ್ತಾರೆ. ಆದರೂ ವಿಂಡೋಸ್‌ನ ಎನ್‌ಟಿಎಫ್‌ಎಸ್ ಇದನ್ನು ಹೇಗೆ ಹೊಟ್ಟೆಗೆ ಹಾಕಿಕೊಂಡಿತು? ಎರಡೂ ಕಡೆ ಮಿತಿ 255 ಎಂದೇ ನನ್ನ ತಲೆಯಲ್ಲಿತ್ತು. ಸಂಖ್ಯೆ ಒಂದೇ, ಅಳತೆಗೋಲು ಬೇರೆ. ಎನ್‌ಟಿಎಫ್‌ಎಸ್ ಎಣಿಸುವುದು ಯುಟಿಎಫ್-16 ಘಟಕಗಳನ್ನು. ಅಲ್ಲಿ ಕನ್ನಡದ ಒಂದು ಚಿಹ್ನೆಗೆ ಒಂದು ಘಟಕ. ಇಎಕ್ಸ್‌ಟಿ4 ಎಣಿಸುವುದು ಬೈಟ್‌ಗಳನ್ನು; ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಇಂಗ್ಲಿಷಿನವನಿಗೆ 255 ಅಕ್ಷರ, ನಮಗೆ 85 ಚಿಹ್ನೆ. ಅದೂ ಚಿಹ್ನೆ, ಅಕ್ಷರವಲ್ಲ: "ಸ್ತ್ರೀ" ಎಂಬ ಒಂದು ಅಕ್ಷರದಲ್ಲಿ ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಎಂದು ಆರು ಚಿಹ್ನೆ, 18 ಬೈಟ್. ಅಪ್ಪನ ಹೆಸರನ್ನು ಎಣಿಸಿದೆ. ಕೊನೆಯ ಚುಕ್ಕೆ ಜೆಪಿಜಿ ಸೇರಿ 99 ಚಿಹ್ನೆ. ಕನ್ನಡ ಚಿಹ್ನೆ 82, ಮೂರರಿಂದ ಗುಣಿಸಿ 246, ನಡುವಿನ ಖಾಲಿ ಜಾಗ 13, ಜೆಪಿಜಿಗೆ 4. ಒಟ್ಟು 263. ಎಂಟು ಬೈಟ್ ಹೆಚ್ಚು.

"ಅಪ್ಪ, ಇದರಲ್ಲಿ ಒಂದು ಪದ ತೆಗೆಯಬೇಕು. ಯಾವುದನ್ನು ತೆಗೆಯಲಿ?"

ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. "ದಿನ ಎನ್ನುವುದನ್ನು ತೆಗೆ. ಬೆಳಿಗ್ಗೆ ಎಂದ ಮೇಲೆ ದಿನ ಇದ್ದೇ ಇರುತ್ತದೆ."

ಪದ, ಅದರ ಮುಂದಿನ ಖಾಲಿ ಜಾಗ ಸೇರಿ ಹತ್ತು ಬೈಟ್ ಉಳಿಯಿತು. 253. ನುಸುಳಿತು. ಉಳಿದ ಹದಿನಾರನ್ನೂ ಅವರೇ ಕುಳಿತು ಸಂಪಾದಿಸಿಕೊಟ್ಟರು, ಸಂಜೆಯೆಲ್ಲ ಹಿಡಿಯಿತು.

ಇದೇ ಗುಂಪಿನಲ್ಲಿ ಇನ್ನೊಂದು ಪಿಶಾಚಿ. "ಬ್ಯಾಂಕ್" ಎಂಬ ಎರಡು ಡೈರೆಕ್ಟರಿಗಳು ಅಕ್ಕಪಕ್ಕ, ಒಂದೇ ಜಾಗದಲ್ಲಿ, ಕಣ್ಣಿಗೆ ತದ್ರೂಪ. ಒಂದೇ ಕಡೆ ಒಂದೇ ಹೆಸರಿನ ಎರಡು ಇರುವುದು ಅಸಾಧ್ಯವಾದ್ದರಿಂದ ಬೈಟ್‌ಗಳನ್ನು ಹೊರತೆಗೆಸಿ ನೋಡಿದೆ. ಒಂದರ ಬಾಲದಲ್ಲಿ ಮೂರು ಬೈಟ್ ಹೆಚ್ಚು. ಅದು ಕನ್ನಡದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಬಳಸುವ, ಅಗಲವಿಲ್ಲದ, ಕಾಣದ ಅಕ್ಷರ. "ಸಾಫ್ಟ್‌ವೇರ್" ಎಂಬಂತಹ ಪದದ ನಡುವೆ ಅದು ಬೇಕೇ ಬೇಕು. ಪದದ ಕೊನೆಯಲ್ಲಿ ಬಿದ್ದರೆ ಇದ್ದೂ ಕಾಣುವುದಿಲ್ಲ. ಯಾವುದೋ ಕೀಲಿಮಣೆ ವಿನ್ಯಾಸದಲ್ಲಿ ಬೆರಳು ಜಾರಿದ ಫಲ. ಎರಡನ್ನೂ ಒಂದು ಮಾಡಿದೆ. ಸ್ಕ್ರಿಪ್ಟ್‌ಗಳು ಓದಬೇಕಾದ ಮೇಲ್ಮಟ್ಟದ ಡೈರೆಕ್ಟರಿಗಳಿಗೆ ಇಂಗ್ಲಿಷ್ ಸಣ್ಣಕ್ಷರಗಳ ಹೆಸರು, ಅವುಗಳ ಒಳಗೆ ಮನೆಯವರು ತಮಗೆ ಬೇಕಾದಂತೆ ಕನ್ನಡ ಎಂದು ಅಂದೇ ನಿಯಮ ಮಾಡಿಕೊಂಡೆ.

ಮನೆಯೊಳಗೆ ಮನೆ

ಪಾರ್ಟಿಷನ್ ಖಾಲಿಯಾಯಿತು, ಇಎಕ್ಸ್‌ಟಿ4 ಆಗಿ ಸಿದ್ಧವಾಯಿತು. ಎಲ್ಲರನ್ನೂ ಹೊರಗೆ ಕಳುಹಿಸಿ, ರೂಟ್ ಆಗಿ ಕನ್ಸೋಲಿನಲ್ಲಿ ಕುಳಿತು, ಹೊಸ ಪಾರ್ಟಿಷನ್ನನ್ನು /ಎಂಎನ್‌ಟಿ/ಹೊಸಮನೆ ಎಂದು ಸಿಕ್ಕಿಸಿ, /ಹೋಮ್ ಅನ್ನು ಆರ್‌ಸಿಂಕ್ ಮಾಡಿದೆ. ಬರೀ ಎ ಆಯ್ಕೆ ಸಾಲದು. ಹಾರ್ಡ್ ಲಿಂಕ್ (ಒಂದೇ ಫೈಲಿನ ಇನ್ನೊಂದು ಹೆಸರು), ಎಸಿಎಲ್ (ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ), ವಿಸ್ತೃತ ಗುಣಲಕ್ಷಣ ಉಳಿಯಬೇಕಾದರೆ ದೊಡ್ಡಕ್ಷರದ ಎಚ್, ಎ, ಎಕ್ಸ್ ಕೂಡ ಬೇಕು. ಇದನ್ನೆಲ್ಲ ನೆನಪಿಟ್ಟುಕೊಂಡವನು ಒಂದು ಗೀಟು ಮರೆತೆ.

ಚಾಪೆಯ ಪಾಠ ಹೊಸದಾಗಿ ಆಗಿತ್ತಲ್ಲ, ಹಳೆಯ /ಹೋಮ್‌ನ ಹೆಸರನ್ನು /ಹಳೆಹೋಮ್ ಎಂದು ಬದಲಾಯಿಸಿ, ಖಾಲಿ /ಹೋಮ್ ಮಾಡಿ, ಎಫ್‌ಸ್ಟ್ಯಾಬ್‌ಗೆ ಒಂದು ಸಾಲು ಸೇರಿಸಿದೆ. ಡಿಸ್ಕನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಕರೆಯಬಾರದು, ಒಂದು ಕೇಬಲ್ ಅದಲುಬದಲಾದರೆ ಹೆಸರೂ ಅದಲುಬದಲಾಗಬಹುದು, ಹಾಗಾಗಿ ಯುಯುಐಡಿ ಎಂಬ ಗುರುತಿನ ಸಂಖ್ಯೆ ಬರೆದೆ. ಆರನೆಯ ಕಾಲಮ್ಮಿನಲ್ಲಿ, ಪರೀಕ್ಷೆಯ ಸರದಿಗೆ, ರೂಟ್‌ಗೆ 1 ಇರುವುದರಿಂದ ಇದಕ್ಕೆ 2. ಫೈಂಡ್‌ಎಂಎನ್‌ಟಿಯಿಂದ ತಪ್ಪು ಇದೆಯೇ ಎಂದು ಪರಿಶೀಲಿಸಿದೆ. ಇಲ್ಲ ಎಂದಿತು. ಯಂತ್ರವನ್ನು ಮತ್ತೆ ಹಚ್ಚಿದೆ.

ಲಾಗಿನ್ ಪರದೆ ಬಂತು. ಪಾಸ್‌ವರ್ಡ್ ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಲಾಗಿನ್ ಪರದೆ. ಇನ್ನೊಮ್ಮೆ. ಮತ್ತೆ ಅದೇ. ಮಗಳು ತನ್ನದರಲ್ಲಿ ಪ್ರಯತ್ನಿಸಿದಳು, ಅದೇ ಪ್ರದಕ್ಷಿಣೆ. ಗ್ರಾಫಿಕ್ಸ್ ಡ್ರೈವರ್ ಕೆಟ್ಟಿದೆ ಎಂದು ಅರ್ಧ ಗಂಟೆ ಆ ದಾಖಲೆಗಳನ್ನು ಓದಿದೆ. ಕೊನೆಗೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಪಠ್ಯದ ಕನ್ಸೋಲಿಗೆ ಹೋಗಿ ನನ್ನ ಹೆಸರಿನಲ್ಲೇ ಲಾಗಿನ್ ಆದೆ. ಅದು ಒಳಗೆ ಬಿಟ್ಟಿತು, ಆದರೆ ಹೀಗೆಂದಿತು: ಡೈರೆಕ್ಟರಿ ಇಲ್ಲ, ಮೂಲ ಡೈರೆಕ್ಟರಿಯನ್ನೇ ಮನೆ ಎಂದು ತಿಳಿದು ಒಳಗೆ ಬಿಡುತ್ತಿದ್ದೇನೆ.

/ಹೋಮ್‌ನಲ್ಲಿ ಎಲ್‌ಎಸ್ ಮಾಡಿದೆ. ಎರಡೇ ಹೆಸರು. ಒಂದು ಹೊಸ ಪಾರ್ಟಿಷನ್ನಿನಲ್ಲಿ ತಾನಾಗಿ ಇರುವ ಲಾಸ್ಟ್+ಫೌಂಡ್. ಇನ್ನೊಂದು: ಹೋಮ್. ನಾವು ನಾಲ್ವರೂ /ಹೋಮ್/ಹೋಮ್ ಒಳಗೆ ಇದ್ದೆವು. ಆರ್‌ಸಿಂಕ್‌ಗೆ ಮೂಲದ ಹೆಸರಿನ ಕೊನೆಯಲ್ಲಿ ಓರೆ ಗೀಟು ಹಾಕಿದರೆ ಒಳಗಿರುವುದನ್ನು ಸಾಗಿಸು ಎಂದರ್ಥ. ಹಾಕದಿದ್ದರೆ ಪೆಟ್ಟಿಗೆ ಸಮೇತ ಸಾಗಿಸು ಎಂದರ್ಥ. ಪೆಟ್ಟಿಗೆ ಸಮೇತ ಹೋಗಿತ್ತು. ಒಂದು ಎಂವಿ ಕಮಾಂಡಿಗೆ ಎಲ್ಲರೂ ಒಂದು ಮೆಟ್ಟಿಲು ಮೇಲೆ ಬಂದರು. ಮಗಳಿಗೆ ಇದು ಬಹಳ ಹಿಡಿಸಿತು, ಎರಡು ದಿನ ಎಲ್ಲರಿಗೂ ಹೇಳುತ್ತಿದ್ದಳು.

ಮನೆಯವರೆಲ್ಲ ಬಳಸುವ ಫೋಟೋ, ಹಾಡು, ಪತ್ರಗಳ ದೊಡ್ಡ ಪಾರ್ಟಿಷನ್ /ಡೇಟಾ ಎಂಬ ಹೆಸರು ಬಿಟ್ಟು /ಎಸ್‌ಆರ್‌ವಿ/ಮನೆ ಆಯಿತು, ಬ್ಯಾಕಪ್ ಅದರ ಪಕ್ಕಕ್ಕೆ ಬಂತು. ಮನೆ ಎಂಬ ಗುಂಪು ಮಾಡಿ ನಾಲ್ವರನ್ನೂ ಸೇರಿಸಿ, ಡೈರೆಕ್ಟರಿಗೆ ಸೆಟ್‌ಜಿಐಡಿ ಹಾಕಿದೆ. ಒಳಗೆ ಹುಟ್ಟುವ ಪ್ರತಿ ಫೈಲಿಗೂ ಅದೇ ಗುಂಪು ಸಿಗುತ್ತದೆ. ಅಷ್ಟಾದರೂ ಅಪ್ಪ ಇಟ್ಟದ್ದನ್ನು ಮಗಳಿಗೆ ತಿದ್ದಲಾಗುತ್ತಿರಲಿಲ್ಲ, ಗುಂಪು ಸರಿಯಿದ್ದರೂ ಬರೆಯುವ ಹಕ್ಕು ಹುಟ್ಟುವಾಗಲೇ ಇರುವುದಿಲ್ಲ. ಡೀಫಾಲ್ಟ್ ಎಸಿಎಲ್ ಕೊಟ್ಟ ಮೇಲೆ ಜಗಳ ನಿಂತಿತು. ಈ ಪಾರ್ಟಿಷನ್ನೂ ಬ್ಯಾಕಪ್ ಪಾರ್ಟಿಷನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ ಎಂದು ಗಮನಿಸಿದವರಿಗೆ: ಹೌದು, ಅದಕ್ಕೇ ತಿಂಗಳಿಗೊಮ್ಮೆ ಹೊರಗಿನ ಯುಎಸ್‌ಬಿ ಡಿಸ್ಕಿಗೂ ಒಂದು ಪ್ರತಿ ಹೋಗುತ್ತದೆ.

ಆರು ರಾತ್ರಿಗಳ ಮೌನ

ಶುಕ್ರವಾರ /ಎಸ್‌ಆರ್‌ವಿ/ಬ್ಯಾಕಪ್ ನೋಡಿದರೆ ಕೊನೆಯ ಪ್ರತಿ ಹಿಂದಿನ ಶನಿವಾರದ್ದು. ಆರು ರಾತ್ರಿ ಏನೂ ಆಗಿಲ್ಲ. ಕೈಯಿಂದ ಓಡಿಸಿದರೆ ಚೆನ್ನಾಗಿ ಓಡುತ್ತದೆ.

ಗೊತ್ತಾದ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ಗೆ ತನ್ನದೇ ಪ್ರಪಂಚ. ನಾವು ಲಾಗಿನ್ ಆದಾಗ ಹುಡುಕುವ ಹಾದಿಯಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಮೊದಲೇ ಇರುತ್ತದೆ. ಕ್ರಾನ್‌ಟ್ಯಾಬ್‌ನಿಂದ ಓಡುವ ಕೆಲಸಕ್ಕೆ ಸಿಗುವ ಹಾದಿ /ಯುಎಸ್‌ಆರ್/ಬಿನ್ ಮತ್ತು /ಬಿನ್ ಮಾತ್ರ. ಸ್ಕ್ರಿಪ್ಟ್ ತಪ್ಪು ಜಾಗದಲ್ಲಿದ್ದಾಗ ಸಿಗುತ್ತಿತ್ತು. ಸರಿಯಾದ ಜಾಗಕ್ಕೆ ಬಂದ ಕೂಡಲೇ ಕಾಣೆಯಾಯಿತು. ದೂರು ಹೇಳಬೇಕಾದ ಔಟ್‌ಪುಟ್ಟನ್ನು ಕಿರಿಕಿರಿ ಎಂದು ಯಾವ ಕಾಲದಲ್ಲೋ ನಾನೇ ಶೂನ್ಯಕ್ಕೆ ತಿರುಗಿಸಿದ್ದೆ. ಕ್ರಾನ್‌ಟ್ಯಾಬ್‌ನಲ್ಲಿ ಪೂರ್ತಿ ವಿಳಾಸ ಬರೆದೆ, ಔಟ್‌ಪುಟ್ಟನ್ನು /ವಾರ್/ಲಾಗ್‌ನ ಒಂದು ಫೈಲಿಗೆ ಕಳುಹಿಸಿದೆ.

ಏನನ್ನು ಉಳಿಸಬೇಕು ಎನ್ನುವುದೂ ಈಗ ಚಿಕ್ಕದಾಗಿದೆ. /ಹೋಮ್, /ಎಸ್‌ಆರ್‌ವಿ/ಮನೆ, /ಎಟ್ಸಿ, /ಯುಎಸ್‌ಆರ್/ಲೋಕಲ್, /ಆಪ್ಟ್, ಜೊತೆಗೆ ನಾನು ಕೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳ ಹೆಸರಿನ ಪಟ್ಟಿ, ಎಪಿಟಿ-ಮಾರ್ಕ್ ಕೊಡುತ್ತದೆ. /ಹೋಮ್ ಒಳಗಿನ ಕ್ಯಾಶ್ ಡೈರೆಕ್ಟರಿಗಳನ್ನು ಬಿಟ್ಟಿದ್ದೇನೆ. ಮಿಕ್ಕದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ.

ಅಪ್‌ಗ್ರೇಡ್ ಆದದ್ದು ಅದರ ಮರುದಿನ, ಒಂದೂವರೆ ಗಂಟೆಯಲ್ಲಿ, ತಕರಾರಿಲ್ಲದೆ. ಒಂದು ಬದಲಾವಣೆ ಮಾತ್ರ ತಟ್ಟಿತು. 13ರಲ್ಲಿ /ಟೆಂಪ್ ಡಿಸ್ಕಿನಲ್ಲಿಲ್ಲ, ರ್‍ಯಾಮ್‌ನಲ್ಲಿದೆ, ಅರ್ಧದಷ್ಟರವರೆಗೆ ಬೆಳೆಯಬಹುದು. ಅಪ್ಪನ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ನನ್ನ ಸ್ಕ್ರಿಪ್ಟ್ ಅಲ್ಲೇ ಪುಟಗಳನ್ನು ರಾಶಿ ಹಾಕುತ್ತಿತ್ತು; ದಪ್ಪ ಪುಸ್ತಕವೊಂದಕ್ಕೆ ಯಂತ್ರ ಏದುಸಿರು ಬಿಟ್ಟಿತು. ರಾಶಿಯನ್ನು /ವಾರ್/ಟೆಂಪ್‌ಗೆ ಸರಿಸಿದೆ.

ಡಿಪಿಕೆಜಿ ಲೂಪನ್ನು ಹಳೆಯ ರೂಪದಲ್ಲೇ, ಒಂದೇ ವಿಳಾಸ ಕೇಳುವಂತೆ, ಇನ್ನೊಮ್ಮೆ ಓಡಿಸಿದೆ. 13ರಲ್ಲಿ ಪ್ಯಾಕೇಜ್‌ಗಳೂ ಹೊಸ ವಿಳಾಸಕ್ಕೆ ಖಾತೆ ಮಾಡಿಸಿಕೊಂಡಿವೆ. ಎಲ್‌ಎಸ್ ಮತ್ತೆ ತನ್ನವರ ಹೆಸರು ಹೇಳಿತು. ಪಟ್ಟಿಯಲ್ಲಿ ಉಳಿದದ್ದು ಆಲ್ಟರ್ನೇಟಿವ್ಸ್ ಲಿಂಕ್‌ಗಳು ಮತ್ತು ನನ್ನ ಹನ್ನೊಂದನೆಯ ಸ್ಕ್ರಿಪ್ಟ್. ಅದರ ಹೆಸರು ಸರಿಮಾಡು. 2016ರ ಮಾರ್ಚ್‌ನದು, ನಲವತ್ತು ಸಾಲು, ಒಂದೂ ಟಿಪ್ಪಣಿ ಇಲ್ಲ. ಏನನ್ನು ಸರಿಮಾಡುತ್ತಿತ್ತೋ ನೆನಪಾಗುತ್ತಿಲ್ಲ. ಓಡಿಸಿ ನೋಡುವ ಧೈರ್ಯವಿಲ್ಲ, ಅಳಿಸುವುದಕ್ಕೆ ಅಂಗಡಿಯಲ್ಲಿ ಸಿಗುವ ಸಾಮಾನೂ ಅಲ್ಲ. ಸದ್ಯ /ಆಮೇಲೆನೋಡು ಒಳಗೆ ಹಾಕಿದ್ದೇನೆ. ಅದನ್ನು ಇನ್ನೂ ತೆಗೆದಿಲ್ಲ.